ಗಿಟಾರು ಹಿಡಿದ ತಂಗಿಗೆ ಏನು ಒಯ್ಯಲಿ

ಗಿಟಾರಿಗೆ ಆರು ತಂತಿ ಇರುತ್ತವೆ ಎನ್ನುವುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ, ನಾಶಿಕದ ಒಂದು ವಾದ್ಯದ ಅಂಗಡಿಯಲ್ಲಿ ನಿಂತಾಗ ಗೊತ್ತಾಯಿತು. ನಾಚಿಕೆಯಾಗಬೇಕಾದ ಮಾತು. ಏಕೆಂದರೆ ಒಂದು ಕಾಲಕ್ಕೆ ನಮ್ಮ ಮನೆಯ ಅಟ್ಟದ ಮೇಲೆಯೇ ಒಂದು ಗಿಟಾರು ಎರಡು ವರ್ಷ ಬಿದ್ದಿತ್ತು. ಅದನ್ನು ಅಲ್ಲಿ ಎತ್ತಿಟ್ಟವಳು ನಾನು, ದೀಪಾವಳಿಗೆ ಮನೆ ಸಾರಿಸುವಾಗ ಕೆಳಗಿಳಿಸಿ ಧೂಳು ಕೊಡವಿದವಳು ನಾನು, ಕೊನೆಗೆ ಯಾರಿಗೋ ಕೊಟ್ಟು ಕಳಿಸಿದವಳೂ ನಾನೇ. ತಂತಿ ಎಷ್ಟಿವೆ ಎಂದು ಒಂದು ಸಲವೂ ನೋಡಿರಲಿಲ್ಲ.

ಗಿಟಾರು ನನ್ನ ತಂಗಿಯದು. ನಾವು ಮೂಲತಃ ಬೀದರ ಜಿಲ್ಲೆಯವರು. ಅಪ್ಪನಿಗೆ ಸರಕಾರಿ ಕಚೇರಿಯಲ್ಲಿ ಗುಮಾಸ್ತರ ಕೆಲಸ. ಆಗ ಔರಂಗಾಬಾದ್ ಅನ್ನುತ್ತಿದ್ದ, ಈಗ ಸಂಭಾಜಿನಗರವಾಗಿರುವ ಊರಿನಲ್ಲಿ ನಾವಿಬ್ಬರು ಅಕ್ಕತಂಗಿಯರು ಬೆಳೆದೆವು. ತಂಗಿ ಕಾಲೇಜಿಗೆ ಹೋಗುವ ದಾರಿಯಲ್ಲಿ ಕಂಟೋನ್ಮೆಂಟ್ ಕಡೆ ಒಬ್ಬ ವಯಸ್ಸಾದ ಟೀಚರ್ ಸಂಜೆ ಹೊತ್ತು ಗಿಟಾರು ಕಲಿಸುತ್ತಿದ್ದರು. ಇವಳು ಅವರ ಕಿಟಕಿಯ ಹೊರಗೆ ನಿಂತು ಕೇಳುತ್ತ ಕೇಳುತ್ತ ಒಂದು ದಿನ ಒಳಗೇ ಹೋದಳು. ನಾಲ್ಕು ವರ್ಷ ಕಲಿತಳು. ಅಪ್ಪ ಯಾರದೋ ಹಳೆಯ ಗಿಟಾರೊಂದನ್ನು ಕೊಡಿಸಿದರು. ನಾನು ಆಗಲೇ ಮದುವೆಯಾಗಿ ನಾಶಿಕಕ್ಕೆ ಬಂದಿದ್ದೆ, ಆದ್ದರಿಂದ ಅವಳು ಬಾರಿಸುವುದನ್ನು ಕೇಳಿದ್ದು ಕಡಿಮೆ.

ಆಮೇಲೆ ಕಲಬುರಗಿ ಕಡೆಯವರು ಹೆಣ್ಣು ನೋಡಲು ಬರುತ್ತಾರೆಂದು ಅಪ್ಪ ನನ್ನನ್ನು ಕರೆಸಿದರು. ಹೋಗಿ ನೋಡಿದರೆ ಪಡಸಾಲೆಯ ಗೋಡೆಗೆ ಗಿಟಾರು ಒರಗಿಕೊಂಡು ನಿಂತಿದೆ. ಹುಡುಗಿ ವಚನ ಚೆನ್ನಾಗಿ ಹಾಡುತ್ತಾಳೆ ಎಂದು ನಾವು ಹೇಳಿಕಳಿಸಿದ್ದೆವು. ಗಿಟಾರು ಬಾರಿಸುವ ಹುಡುಗಿ ಎಂದರೆ ಅವರು ಏನೆಂದುಕೊಂಡಾರು? ಹಳೆಯ ಚಾದರದಲ್ಲಿ ಸುತ್ತಿ ಪಕ್ಕದ ಮನೆಯಲ್ಲಿಟ್ಟೆ. ಸಂಬಂಧ ಕುದುರಿತು. ಹುಡುಗನಿಗೆ ಔರಂಗಾಬಾದಿನಲ್ಲೇ ಫ್ಯಾಕ್ಟರಿ ಕೆಲಸ. ನಾನು ತಿರುಗಿ ಬರುವಾಗ, ಮದುವೆಯಾದ ಮೇಲೆ ಬೇಕಾದರೆ ಕಳಿಸುತ್ತೇನೆಂದು ಹೇಳಿ ಅದನ್ನು ನಾಶಿಕಕ್ಕೆ ತಂದೆ. ಎರಡು ವರ್ಷ ಯಾರೂ ಕೇಳಲಿಲ್ಲ. ಯಜಮಾನರ ಆಫೀಸಿನವರೊಬ್ಬರು ಬೇಕೆಂದಾಗ ಕೊಟ್ಟುಬಿಟ್ಟೆ. ತಂಗಿಗೆ ಹೇಳಿದಾಗ ಅವಳು "ಇರ್ಲಿ ಬಿಡಕ್ಕ" ಎಂದು ಮಾತು ಬದಲಿಸಿದಳು. ಅವಳಿಗೂ ಅದು ಬೇಡವಾಗಿತ್ತು ಎಂದು ನಾನು ತಿಳಿದೆ.

ಇದೆಲ್ಲ ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ಮೊನ್ನೆ ಮೊನ್ನೆ, ಬೆಳಗಿನ ಹೊತ್ತು ನಾನು ಜೋಳದ ರೊಟ್ಟಿ ತಟ್ಟುತ್ತಿರುವಾಗ ತಂಗಿಯ ಮಗಳು ಫೋನ್ ಮಾಡಿದಳು. ಇಪ್ಪತ್ತರ ಹುಡುಗಿ, ಅಲ್ಲೇ ಸಂಭಾಜಿನಗರದಲ್ಲಿ ಕಾಲೇಜು. ದೊಡ್ಡವ್ವ ಎನ್ನಬೇಕಾದ ಬಾಯಲ್ಲಿ ನನ್ನನ್ನು ಮಾವಶಿ ಅನ್ನುತ್ತಾಳೆ. ನಾವು ಕನ್ನಡದಲ್ಲಿ ಬೈದರೆ ಪೂರ್ತಿ ತಿಳಿಯುತ್ತದೆ, ತಿರುಗಿ ಬೈಯಲು ಮಾತ್ರ ಮರಾಠಿ ಬೇಕು.

"ಮಾವಶಿ, ಮಮ್ಮಿ ಗಿಟಾರ್ ಬಾರಿಸ್ಲಕತ್ತಾಳ. ರೋಜ್. ಮುಂದಿನ ರವಿವಾರ ನಮ್ಮ ಕನ್ನಡ ಮಂಡಳದಾಗ ಲೇಡೀಸ್ ಪ್ರೋಗ್ರಾಂ ಅದ, ಸ್ಟೇಜ್ ಮ್ಯಾಲ ಬಾರಿಸ್ತಾಳ. ನೀ ಬಾ. ನಾ ಹೇಳೀನಂತ ಹೇಳಬ್ಯಾಡ."

ರೊಟ್ಟಿ ಹಂಚಿನ ಮೇಲೆ ಕರಕಲಾಯಿತು. ಗಿಟಾರು ಎಲ್ಲಿಂದ ಬಂತು ಎಂದು ಕೇಳಿದೆ. ಹುಡುಗಿಯೇ ಎರಡು ವರ್ಷದ ಹಿಂದೆ ಹಟ ಹಿಡಿದು ಕೊಂಡಿದ್ದಳಂತೆ, ಎರಡು ತಿಂಗಳಿಗೆ ಬೇಸರ ಬಂದು ಮೂಲೆಗಿಟ್ಟಳಂತೆ. ತಂಗಿ ದಿನಾ ಅದರ ಧೂಳು ಒರೆಸುತ್ತಿದ್ದಳು. ಒಂದು ದಿನ ಒರೆಸುತ್ತ ಕುಳಿತವಳು ಏಳಲೇ ಇಲ್ಲ ಎಂದಳು ಹುಡುಗಿ. ನನಗೆ ಖುಷಿಯಾಯಿತೋ, ಭಯವಾಯಿತೋ, ಯಾರೋ ಬಂದು ಹಳೆಯ ಕಳವನ್ನು ಹಿಡಿದುಕೊಟ್ಟಂತಾಯಿತೋ, ಇವತ್ತಿಗೂ ಸರಿಯಾಗಿ ಹೇಳಲಾರೆ.

ಬರಿಗೈಯಲ್ಲಿ ಹೋಗುವಂತಿಲ್ಲ. ದೊಡ್ಡದೇನನ್ನೂ ಒಯ್ಯುವಂತಿಲ್ಲ, ಒಯ್ದರೆ ಅವಳು ಅಷ್ಟೇ ದೊಡ್ಡದನ್ನು ತಿರುಗಿ ಕೊಡುವ ಚಿಂತೆಗೆ ಬೀಳುತ್ತಾಳೆ. ಸಣ್ಣದೊಂದು ಬೇಕು. ಆದರೆ ನನ್ನ ಗೊಂದಲ ಸಣ್ಣದು ದೊಡ್ಡದರದಲ್ಲ. ಅದನ್ನು ಹೇಳಬೇಕಾದರೆ ಇನ್ನೊಂದು ಮಾತು ಹೇಳಬೇಕು.

ನಮ್ಮ ಕಡೆ ತವರಿಗೆ ಬಂದ ಹೆಣ್ಣುಮಗಳು ಹೊರಟು ನಿಂತರೆ ಉಡಿ ತುಂಬದೆ ಕಳಿಸುವುದಿಲ್ಲ. ಅವಳು ಸೆರಗು ಒಡ್ಡುತ್ತಾಳೆ. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಬಸಕ್ಕೊಂದು ಖಣ ಹಾಕಿ, ಹಣೆಗೆ ಕುಂಕುಮ ಹಚ್ಚುತ್ತೇವೆ. ಅಪ್ಪ ಅಮ್ಮ ತೀರಿದ ಮೇಲೆ ತಂಗಿಗೆ ನಾಶಿಕವೇ ತವರು. ವರ್ಷಕ್ಕೆ ಎರಡು ಸಲ ಬರುತ್ತಿದ್ದಳು, ಎರಡು ಸಲವೂ ನಾನು ಉಡಿ ತುಂಬುತ್ತಿದ್ದೆ. ಮೂರು ವರ್ಷದ ಹಿಂದೆ ಅವಳ ಗಂಡ ಫ್ಯಾಕ್ಟರಿಯಿಂದ ಬಂದು ಚಹಾ ಕುಡಿಯುತ್ತ ಕುಳಿತಲ್ಲೇ ಹೋಗಿಬಿಟ್ಟ. ಆಮೇಲೆ ಮೊದಲ ಸಲ ನಮ್ಮ ಮನೆಗೆ ಬಂದು ಹೊರಟಾಗ ನಾನು ಅಕ್ಕಿಯ ಡಬ್ಬಿ ತೆರೆದೆ, ಹಾಗೇ ಮುಚ್ಚಿದೆ. ಶೇಂಗಾ ಚಟ್ನಿಯ ಡಬ್ಬಿಯೊಂದನ್ನು ಕೈಗೆ ಕೊಟ್ಟೆ. ಅವಳು ತೆಗೆದುಕೊಂಡು ಚೀಲದಲ್ಲಿಟ್ಟಳು. ಮುಂದಿನ ಸಲ ಮೆಂತ್ಯದ ಹಿಟ್ಟು. ಅದರ ಮುಂದಿನ ಸಲ ಮತ್ತೆ ಚಟ್ನಿ.

ವಿಧವೆ, ಮುತ್ತೈದೆ ಎಂಬ ಭೇದ ಶರಣರು ಹೇಳಿದ ನಮ್ಮ ಧರ್ಮದಲ್ಲಿ ಇಲ್ಲ ಎಂದು ನಾನು ಭಾಷಣ ಮಾಡಬಲ್ಲೆ. ನಾಶಿಕದ ನಮ್ಮ ಮಹಿಳಾ ಬಳಗದಲ್ಲಿ ಮಾಡಿದ್ದೇನೆ ಕೂಡ, ಚಪ್ಪಾಳೆಯೂ ಬಿದ್ದಿದೆ. ಆದರೆ ಅಕ್ಕಿಯ ಡಬ್ಬಿಯ ಮುಂದೆ ನನ್ನ ಕೈ ನಿಂತುಹೋಗುತ್ತದೆ. ಅವಳಿಗೆ ನೋವಾಗಬಾರದು ಎಂದು ನಿಂತಿತೋ, ಏನಾದರೂ ಕೆಟ್ಟದಾದೀತು ಎಂದು ನಿಂತಿತೋ ನನಗೇ ತಿಳಿಯದು. ಈ ಸಲ ಉಡುಗೊರೆ ಎಂದೊಡನೆ ಆ ಡಬ್ಬಿಯೇ ಕಣ್ಣ ಮುಂದೆ ಬಂತು. ಈ ಸಲವೂ ತಪ್ಪಿದರೆ ತಂಗಿ ನನ್ನ ಕೈಜಾರಿ ಹೋಗುತ್ತಾಳೆ ಎಂಬ ಅಂಜಿಕೆ ಒಳಗೊಳಗೇ ಶುರುವಾಯಿತು. ಅವಳು ಬರುವುದು ವರ್ಷಕ್ಕೆ ಒಂದೇ ಸಲ ಆಗಿತ್ತು, ಬಂದರೂ ಒಂದೇ ದಿನ.

ಯಜಮಾನರನ್ನು ಕೇಳಿದೆ.

"ಒಂದ್ ಸ್ಟೀಲ್ ಡಬ್ಬಿ ಒಯ್ದು ಕೊಡು" ಎಂದರು ಪೇಪರಿನಿಂದ ಮುಖ ಎತ್ತದೆ.

"ಆಕಿ ಗಿಟಾರ್ ಬಾರಿಸ್ಲಕತ್ತಾಳ್ರೀ, ಅಡಗಿ ಸ್ಪರ್ಧಾಕ್ಕ ನಿಂತಿಲ್ಲ."

"ಗಿಟಾರ್ ಬಾರಿಸೋರಿಗಿ ಹಸಿವಿ ಆಗಂಗಿಲ್ಲೇನು?"

ಇಂಥವರ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ. ನಾನೇ ಯೋಚಿಸಿದೆ. ತಂತಿ ಒತ್ತಿ ಒತ್ತಿ ಬೆರಳು ನೋಯುತ್ತವಲ್ಲ ಎಂದು ಕೈಗೆ ಹಚ್ಚುವ ಒಳ್ಳೆಯ ಕ್ರೀಮು ಕೊಂಡೆ. ನನ್ನ ಬುದ್ಧಿಗೆ ನಾನೇ ಮೆಚ್ಚಿ ಹುಡುಗಿಗೆ ಫೋನ್ ಮಾಡಿ ಹೇಳಿದೆ.

"ಅಯ್ಯ ಮಾವಶಿ, ನಕೋ! ಬೆರಳ ತುದಿ ಕಡಕ್ ಆಗಬೇಕು. ಅದಕ್ಕೇ ಮಮ್ಮಿ ಮೂರು ತಿಂಗಳ ಕಷ್ಟಪಟ್ಟಾಳ. ಈಗಷ್ಟೇ ತುದಿ ಜಡ್ಡುಗಟ್ಟ್ಯಾವ. ನೀ ಕ್ರೀಮ್ ಹಚ್ಚಿ ಮೆತ್ತಗ ಮಾಡ್ತಿ?"

ಕ್ರೀಮು ನನ್ನ ಹಿಮ್ಮಡಿಗೆ ಹೋಯಿತು.

ಮರುದಿನ ಮೇನ್ ರೋಡಿನ ವಾದ್ಯದ ಅಂಗಡಿಗೆ ಹೋದೆ. ಅಷ್ಟು ವರ್ಷ ಅದರ ಮುಂದಿನಿಂದ ತರಕಾರಿ ಚೀಲ ಹಿಡಿದು ಓಡಾಡಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. ಗಿಟಾರು ಬಾರಿಸುವವರಿಗೆ ಸಣ್ಣದೇನಾದರೂ ಕೊಡಿ ಎಂದು ಮರಾಠಿಯಲ್ಲಿ ಕೇಳಿದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗನಿಗಾ ಎಂದರು. ತಂಗಿಗೆ ಎಂದೆ. ಹೊಸದಾಗಿ ಕಲಿಯುತ್ತಿದ್ದಾರಾ ಎಂದರು. ಇಲ್ಲ, ಹಿಂದೆ ಕಲಿತಿದ್ದಳು, ನಡುವೆ ಬಿಟ್ಟಿದ್ದಳು, ಈಗ ಮತ್ತೆ ಹಿಡಿದಿದ್ದಾಳೆ ಎಂದೆ. ಎಷ್ಟು ವರ್ಷ ಬಿಟ್ಟಿದ್ದರು ಎಂದರು. ಹೇಳಿದೆ. ಅವರು ತಲೆ ಅಲ್ಲಾಡಿಸಿ, ಅಷ್ಟು ವರ್ಷ ಯಾಕೆ ಬಿಟ್ಟರು ಎಂದು ಕೇಳಿದರು. ಗಿರಾಕಿಯೊಡನೆ ಸುಮ್ಮನೆ ಮಾತಿಗೆ ಕೇಳಿದ್ದು ಅದು. ನನಗೆ ಸಿಟ್ಟೇ ಬಂತು. ನಿಮಗ್ಯಾಕ್ರೀ ಅದು, ಸಾಮಾನು ತೋರಿಸ್ರಿ ಅಂದುಬಿಟ್ಟೆ, ಅದೂ ಕನ್ನಡದಲ್ಲಿ. ಪುಣ್ಯಕ್ಕೆ ಅವರಿಗೆ ತಿಳಿಯಲಿಲ್ಲ.

ಅವರು ಗಾಜಿನ ಮೇಜಿನ ಮೇಲೆ ಒಂದೊಂದಾಗಿ ತೆಗೆದಿಟ್ಟರು. ತಂತಿ ಮೀಟುವ ಪ್ಲಾಸ್ಟಿಕ್ ಬಿಲ್ಲೆಗಳು, ಒಂದು ಹಿಡಿ. ಇಷ್ಟು ಸಣ್ಣದನ್ನು ಕೊಟ್ಟರೆ ಕಿಸೆಯಲ್ಲಿ ಉಳಿದದ್ದನ್ನು ಕೊಟ್ಟಂತಾಗುತ್ತದೆ. ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ. ಅವಳು ನಿಂತು ಬಾರಿಸುತ್ತಾಳೋ ಕುಳಿತೋ ಗೊತ್ತಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗಿದ್ದ ಒಂದು ಸಾಧನ, ಸ್ವರ ಏರಿಸಲು ಅಂತೆ. ಸ್ವರ ಏರಿಸಿಕೊಳ್ಳಬೇಕೋ ಬೇಡವೋ ನನಗೇನು ಗೊತ್ತು? ಕೊನೆಗೆ ತಂತಿಗಳ ಪೊಟ್ಟಣ. ತಂತಿ ಯಾವತ್ತಿದ್ದರೂ ಬೇಕಾಗುವ ಸಾಮಾನು, ಇದನ್ನೇ ಒಯ್ಯಿರಿ ಎಂದರು ಅಂಗಡಿಯವರು. ನನಗೂ ಸರಿ ಅನಿಸಿತು. ನೈಲಾನಾ, ಸ್ಟೀಲಾ ಎಂದರು. ಮತ್ತೆ ಗೊಂದಲ. ಹುಡುಗಿಗೆ ಫೋನ್ ಹಚ್ಚಿದೆ. ಅವಳು ಅಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ಗಿಟಾರಿನ ಫೋಟೋ ತೆಗೆದು ಕಳಿಸಿದಳು. ಅಂಗಡಿಯವರು ಫೋಟೋ ಹಿಗ್ಗಿಸಿ ನೋಡಿ ಸ್ಟೀಲು ಎಂದರು. ಆಗಲೇ ನಾನು ಎಣಿಸಿದ್ದು. ಆರು.

ಅಷ್ಟಕ್ಕೆ ಮನೆಗೆ ಬರಬಹುದಿತ್ತು. ಕಾಲು ಪಕ್ಕದ ಬಟ್ಟೆ ಅಂಗಡಿಯ ಮುಂದೆ ನಿಂತವು. ಬರಿ ತಂತಿ ಒಯ್ದರೆ ಅದು ಗಿಟಾರಿಗೆ ಕೊಟ್ಟಂತಾಯಿತು, ತಂಗಿಗೇನು ಕೊಟ್ಟೆ? ಒಂದು ಖಣ ಕೊಳ್ಳೋಣ ಎಂದು ಹತ್ತಿದೆ. ಹಸಿರು ಬೇಡ. ಕೆಂಪು ಬೇಡ. ಬಿಳಿಯಂತೂ ಬೇಡವೇ ಬೇಡ, ನಾನೇ ಅವಳಿಗೆ ವೈಧವ್ಯ ನೆನಪಿಸಿದಂತೆ. ಕೊನೆಗೆ ಬಾದಾಮಿ ಬಣ್ಣದ್ದೊಂದನ್ನು ಕೊಂಡೆ, ಯಾವ ಬಣ್ಣವೂ ಅಲ್ಲದ ಬಣ್ಣ. ಕೊಡುತ್ತೇನೋ ಇಲ್ಲವೋ ತೀರ್ಮಾನವಾಗಿರಲಿಲ್ಲ. ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿಸಿಕೊಂಡೆ.

ಶುಕ್ರವಾರ ಸಂಭಾಜಿನಗರದಿಂದ ಇನ್ನೊಂದು ಫೋನು. ಕಾರ್ಯಕ್ರಮ ನಡೆಸುವ ಮಂಡಳದ ಹೆಣ್ಣುಮಗಳು, ಹೊಟೇಲು ನಡೆಸುವವರ ಮನೆಯವರು, ಮಂಗಳೂರು ಕಡೆಯ ಮೆದುವಾದ ಮಾತು. ನಾನು ಬರುವ ಸುದ್ದಿ ಹುಡುಗಿಯಿಂದ ಅವರಿಗೆ ಹೋಗಿತ್ತು.

"ನಾವು ಹಾಡುವವರಿಗೆ, ಬಾರಿಸುವವರಿಗೆ ಎಲ್ಲರಿಗೂ ಕುಂಕುಮ ಹಚ್ಚಿ, ಹೂ ಮುಡಿಸಿ, ರವಿಕೆ ಕಣ ತೆಂಗಿನಕಾಯಿ ಕೊಡೋದು ಅಂತ ಮಾಡಿದ್ದೇವೆ. ನಿಮ್ಮ ತಂಗಿಗೂ ಹಾಗೆಯೇ ಮಾಡಬೇಕು ಅಂತ ನಮ್ಮೆಲ್ಲರ ಮನಸ್ಸು. ಅವರಿಗೆ ಬೇಸರ ಆಗಲಿಕ್ಕಿಲ್ಲ ಅಲ್ಲವಾ? ನೀವು ಅಕ್ಕ, ನಿಮ್ಮನ್ನೊಂದು ಮಾತು ಕೇಳುವ ಅಂತ."

ಅವರು ಕೇಳಿ ಮುಗಿಸುವ ಮೊದಲೇ ನನ್ನ ಬಾಯಿ ಉತ್ತರ ಕೊಟ್ಟಿತ್ತು.

"ಬ್ಯಾಡ್ರೀ. ಆಕಿಗಿ ಅದೆಲ್ಲಾ ಬ್ಯಾಡ. ನಾಲ್ಕ್ ಮಂದಿ ಮುಂದ ಆಕಿ ಮನಸ್ಸಿಗಿ ಹತ್ತತದ. ಒಂದ್ ಶಾಲ್ ಹಾಕ್ರಿ, ಸಾಕು. ಕಾಣಿಕಿ ನಾನೇ ತರ್ಲಕತ್ತೀನಿ."

"ಹಾಗಾದರೆ ಹಾಗೆಯೇ ಮಾಡುವ. ನೀವು ಹೇಳಿದ ಮೇಲೆ ಮುಗಿಯಿತು" ಎಂದರು ಅವರು.

ಫೋನ್ ಇಟ್ಟ ಮೇಲೆ ನನಗೆ ಹಗುರವಾಯಿತು. ತಂಗಿಯನ್ನು ಒಂದು ಮುಜುಗರದಿಂದ ಪಾರುಮಾಡಿದೆ ಎಂದುಕೊಂಡೆ. ಅರ್ಧ ಗಂಟೆ ಕಳೆದ ಮೇಲೆ ಆ ಹಗುರ ಎಲ್ಲಿಗೋ ಹೋಯಿತು. ಅವರು ಅಷ್ಟು ಜನ ಹೆಂಗಸರು ಕೂಡಿ ಮಾಡಬೇಕೆಂದಿದ್ದನ್ನು ನಾನು ಒಬ್ಬಳೇ ಬೇಡ ಅಂದೆನಲ್ಲ, ಯಾಕೆ? ಮತ್ತೆ ಫೋನ್ ಮಾಡೋಣ ಎಂದು ಎರಡು ಸಲ ಕೈಗೆತ್ತಿಕೊಂಡೆ. ಮಾಡಿ ಏನು ಹೇಳಲಿ? ಆಗ ಬೇಡ ಅಂದಿದ್ದೆ ಈಗ ಬೇಕು ಅಂದರೆ ನನ್ನ ತಲೆ ಕೆಟ್ಟಿದೆ ಎಂದುಕೊಳ್ಳುವುದಿಲ್ಲವೇ? ಸುಮ್ಮನಾದೆ.

ರವಿವಾರ ನಸುಕಿನ ಬಸ್ಸು ಹಿಡಿದೆ. ಲಾಸಲಗಾಂವದ ಕಡೆ ಈರುಳ್ಳಿ ತುಂಬಿಕೊಂಡು ಹೊರಟ ಟ್ರ್ಯಾಕ್ಟರುಗಳು ನಿಫಾಡದ ಆಚೆ ರಸ್ತೆ ಹಿಡಿದಿದ್ದವು, ಬಸ್ಸು ಅವುಗಳ ಹಿಂದೆ ತೆವಳಿತು. ಯೇವಲಾದಲ್ಲಿ ಚಹಾ ಕುಡಿದೆ. ದಾರಿಯುದ್ದಕ್ಕೂ ಮಡಿಲಲ್ಲಿ ಆ ಎರಡು ಚೀಲ. ಒಂದು ಸಲ ಎರಡನ್ನೂ ಒಂದರೊಳಗೆ ತುರುಕಿದೆ. ವೈಜಾಪುರ ದಾಟುವಷ್ಟರಲ್ಲಿ ಖಣವನ್ನು ಹೊರತೆಗೆದು ನನ್ನ ಸೀರೆ ಬ್ಯಾಗಿನ ತಳಕ್ಕೆ ಹಾಕಿದೆ. ಪಕ್ಕದಲ್ಲಿ ಕುಳಿತ ಮುದುಕಿ ನನ್ನನ್ನೇ ನೋಡುತ್ತಿದ್ದರು. ಮದುವೆಗೆ ಹೊರಟಿದ್ದೀರಾ ಎಂದು ಕೇಳಿದರು. ಹೌದು ಅಂದೆ, ವಿವರಿಸುವವರು ಯಾರು?

ಮಂಡಳದ ಸಭಾಗೃಹದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಐವತ್ತು ಅರವತ್ತು ಹೆಂಗಸರು. ತಂಗಿ ನನ್ನನ್ನು ಬಾಗಿಲಲ್ಲಿ ಕಂಡು ಅಲ್ಲೇ ನಿಂತಳು. ಮಗಳ ಕಡೆ ತಿರುಗಿ ಕಣ್ಣು ಬಿಟ್ಟಳು, ಆಮೇಲೆ ಓಡಿಬಂದು ನನ್ನ ಎರಡೂ ಕೈ ಹಿಡಿದಳು. ಅವಳ ಎಡಗೈ ಬೆರಳ ತುದಿಗಳು ಗಟ್ಟಿಯಾಗಿ ತಾಗಿದವು. "ಅಕ್ಕಾ, ನಾ ಕೆಟ್ಟ ಬಾರಿಸ್ತೀನಿ. ನೀ ಹಿಂದ ಕೂಡು" ಎಂದಳು. ನಾನು ಮೊದಲನೆಯ ಸಾಲಿನಲ್ಲೇ ಕುಳಿತೆ.

ಅವಳ ಸರದಿ ನಾಲ್ಕನೆಯದು. ಕುಳಿತೇ ಬಾರಿಸಿದಳು. ಮೊದಲಿಗೆ ಏನೆಂದು ತಿಳಿಯಲಿಲ್ಲ, ಸ್ವಲ್ಪ ಹೊತ್ತಿಗೆ ಗುರುತು ಹತ್ತಿತು. ನಮ್ಮಮ್ಮ ಬೀಸುವಾಗ ಹಾಡುತ್ತಿದ್ದ ಪದ ಅದು. ಮಾತಿಲ್ಲ, ಬರಿ ಧಾಟಿ. ಬೀಸುಕಲ್ಲಿನ ಸುತ್ತು ಹೇಗೆ ಒಂದು ಕಡೆ ಭಾರವಾಗಿ ಇನ್ನೊಂದು ಕಡೆ ಹಗುರಾಗುತ್ತಿತ್ತೋ ಹಾಗೇ ಅವಳ ಬಲಗೈ ಹೋಗಿಬರುತ್ತಿತ್ತು. ನಡುವೆ ಒಂದು ಕಡೆ ಬೆರಳು ತಪ್ಪಿತು. ನಿಲ್ಲಿಸಿದಳು. ಯಾರೋ ಕೆಮ್ಮಿದರು. ನಾನು ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಂಡೆ. ಅವಳು ಗಾಬರಿಯಾಗಲಿಲ್ಲ, ತಪ್ಪಿದ ಜಾಗಕ್ಕಿಂತ ಸ್ವಲ್ಪ ಹಿಂದಕ್ಕೆ ಹೋಗಿ ಅಲ್ಲಿಂದ ಮತ್ತೆ ಹಿಡಿದು ಕೊನೆಯವರೆಗೆ ಒಯ್ದಳು. ಕಣ್ಣೀರು ಬಂತು, ತಡೆಯಲಿಲ್ಲ. ಇಂಥದ್ದನ್ನು ನಾನು ಚಾದರದಲ್ಲಿ ಸುತ್ತಿಟ್ಟಿದ್ದೆ.

ಕೊನೆಗೆ ಎಲ್ಲರನ್ನೂ ವೇದಿಕೆಗೆ ಕರೆದರು. ಆರು ಜನ ಸಾಲಾಗಿ ನಿಂತರು. ಮಂಗಳೂರಿನ ಆ ಹೆಣ್ಣುಮಗಳು ತಟ್ಟೆ ಹಿಡಿದು ಒಬ್ಬೊಬ್ಬರಿಗೂ ಕುಂಕುಮ ಹಚ್ಚಿ, ಮಲ್ಲಿಗೆ ಮುಡಿಸಿ, ಖಣ ಕಾಯಿ ಕೊಡುತ್ತ ಬಂದರು. ಒಂದು, ಎರಡು, ಮೂರು. ತಂಗಿ ನಾಲ್ಕನೆಯವಳು. ಅವಳು ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿದಂತೆ ನನಗೆ ಕಂಡಿತು. ತಟ್ಟೆ ಪಕ್ಕದವರ ಕೈಗೆ ಹೋಯಿತು, ಶಾಲು ಬಂತು. ತಂಗಿ ಕತ್ತು ನೆಟ್ಟಗೆ ಮಾಡಿಕೊಂಡಳು. ನನ್ನನ್ನು ಮೇಲೆ ಕರೆದರು. ನಾನು ತಂತಿಯ ಪೊಟ್ಟಣ ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ನಕ್ಕಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಆ ಹೆಣ್ಣುಮಗಳು ನನ್ನ ಮರ್ಯಾದೆ ಹೆಚ್ಚಿಸಲೆಂದೇ ತಂಗಿಗೆ ಹೇಳಿದರು:

"ನಾವು ನಿಮಗೂ ಕುಂಕುಮ ಹೂ ಅಂತಲೇ ಮಾಡಿದ್ದೆವು ಮಾರಾಯ್ರೆ. ನಿಮ್ಮ ಅಕ್ಕನೇ ಬೇಡ ಅಂದರು, ನಿಮ್ಮ ಮನಸ್ಸಿಗೆ ಬೇಸರ ಆಗ್ತದೆ ಅಂತ. ಎಷ್ಟು ಕಾಳಜಿ ನೋಡಿ ಅವರಿಗೆ!"

ತಂಗಿ ನನ್ನ ಕಡೆ ನೋಡಲಿಲ್ಲ. ಹೌದಾ ಎಂದಳು, ಅಷ್ಟೇ.

ಮನೆಗೆ ಬಂದು ಊಟ ಮಾಡಿದೆವು. ಹುಡುಗಿ ಪೊಟ್ಟಣ ಬಿಚ್ಚಿ ತಂತಿಗಳನ್ನು ಬೆಳಕಿಗೆ ಹಿಡಿದು ನೋಡಿ, ಮಾವಶಿ ಭಾರಿ ಆರಿಸಿದ್ದಾಳೆ ಎಂದು ಹೊಗಳಿ ಗೆಳತಿಯರ ಹತ್ತಿರ ಹೋದಳು. ಐದು ಗಂಟೆಯ ಬಸ್ಸಿಗೆ ಸೀಟು ಕಾಯ್ದಿರಿಸಿದ್ದೆ. ತಂಗಿ ಚಹಾ ಮಾಡಿ ಎದುರಿಗೆ ಕುಳಿತಳು.

"ನಾ ಬ್ಯಾಡ ಅಂತೀನಂತ ನಿನಗ ಯಾರ್ ಹೇಳಿದ್ರಕ್ಕ?"

"ನಾಲ್ಕ್ ಮಂದಿ ಮುಂದ ನಿನಗ ನೋವಾಗಬಾರ್ದಂತ..."

"ನನಗ ಕುಂಕುಮ ಬೇಕೇ ಬೇಕಾಗಿತ್ತಂತ ಅಲ್ಲ. ಅವರು ಹಚ್ಚಲಿಕ್ಕಿ ಬಂದಿದ್ರ ನಾನೇ ಬ್ಯಾಡ ಅಂತಿದ್ದೆನೋ ಏನೋ. ಗೊತ್ತಿಲ್ಲ. ಆದ್ರ ಬ್ಯಾಡ ಅನ್ನೋದು ನಂದಿತ್ತಲ್ಲ? ಅದನ್ನೂ ನೀನೇ ಅಂದ್ಬಿಟ್ಟಿ."

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾಯಮಾನದಲ್ಲಿಲ್ಲ. "ಎಲ್ಲಾ ನಿನ್ನ ಸಲುವಾಗೇ ಮಾಡೀನಿ. ನನಗೇನ್ ಬಂತು ಅದರಾಗ?" ಎಂದೆ. ದನಿ ಏರಿತ್ತು.

"ಹೌದು, ನನ್ನ ಸಲುವಾಗೇ. ಅದಕ್ಕೇ ನಿನ್ ಜೋಡಿ ಜಗಳಾ ಆಡ್ಲಿಕ್ಕೂ ಬರಂಗಿಲ್ಲ." ಅವಳ ದನಿ ಏರಲೇ ಇಲ್ಲ. "ಗಿಟಾರ್ ಬ್ಯಾಡ ಅಂದಾಕಿ ನೀ. ಅವರು ಕಲಬುರಗಿಯವರು ಏನೂ ಅಂದಿರ್ಲಿಲ್ಲ. ಲಗ್ನ ಆದ್ಮ್ಯಾಲ ನಮ್ಮ ಮನಿಯವರೇ ಕೇಳಿದ್ರು, ಏನರ ಬಾರಿಸ್ತಿದ್ದಿಯಂತಲ್ಲ, ಎಲ್ಲದ ಅದು ಅಂತ. ಉಡಿ ಬ್ಯಾಡ ಅಂದಾಕಿನೂ ನೀನೇ. ಮೂರ್ ವರ್ಷ ಆಯ್ತು, ನಿನ್ನ ಮನಿಯಿಂದ ಹೊಂಟಾಗ ಚಟ್ನಿ ಡಬ್ಬಿ ಕೊಡ್ತಿ. ನಾ ಒಂದಕ್ಕರ ಬ್ಯಾಡ ಅಂದೀನಾ?"

ಕಲಬುರಗಿಯವರು ಏನೂ ಅಂದಿರಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವರ ಹೆಸರಿನಲ್ಲಿ ನಾನು ನೆಮ್ಮದಿಯಾಗಿದ್ದೆ. ದಡಕ್ಕನೆ ಎದ್ದೆ, ಬ್ಯಾಗಿನ ತಳದಿಂದ ಖಣ ಹೊರತೆಗೆದೆ, ಅಡುಗೆ ಮನೆಗೆ ನುಗ್ಗಿ ಡಬ್ಬಿಗಳನ್ನು ತೆರೆದು ತೆರೆದು ಅಕ್ಕಿ ಹುಡುಕಿದೆ. ಮುಷ್ಟಿ ತುಂಬ ಅಕ್ಕಿ ಹಿಡಿದು ಅವಳ ಮುಂದೆ ಬಂದು ನಿಂತೆ.

"ಸೆರಗ ಒಡ್ಡು."

ಅವಳು ಸೆರಗು ಒಡ್ಡಲಿಲ್ಲ. ನನ್ನ ಮುಷ್ಟಿಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಅವಳ ಕಣ್ಣು ತುಂಬಿದ್ದವು, ಆದರೂ ನಗು ಬಂದುಬಿಟ್ಟಿತು.

"ನೋಡು, ಮತ್ತ ನೀನೇ ಶುರು ಮಾಡ್ದಿ."

ಮುಷ್ಟಿ ತೆರೆಯಲೂ ಆಗದೆ ಮುಚ್ಚಿಡಲೂ ಆಗದೆ ಹಾಗೇ ನಿಂತೆ. ಬೆರಳ ಸಂದಿಯಿಂದ ನಾಲ್ಕು ಕಾಳು ನೆಲಕ್ಕೆ ಬಿದ್ದವು. ಹತ್ತು ದಿನ ಅಂಗಡಿಯವರನ್ನು ಕೇಳಿದ್ದೆ, ಯಜಮಾನರನ್ನು ಕೇಳಿದ್ದೆ, ಹುಡುಗಿಯನ್ನು ಕೇಳಿದ್ದೆ, ಮಂಡಳದವರು ಕೇಳಿ ಮುಗಿಸುವ ಮೊದಲೇ ಉತ್ತರ ಹೇಳಿದ್ದೆ. ಇವಳೊಬ್ಬಳನ್ನು ಕೇಳಿರಲಿಲ್ಲ. ಅಕ್ಕಿಯನ್ನು ಡಬ್ಬಿಗೆ ಸುರಿದು ಬಂದು ಅವಳ ಪಕ್ಕ ಕುಳಿತೆ.

"ನಿನಗ ಏನ್ ಬೇಕು, ಹೇಳು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಷ್ಟ್ ವರ್ಷದಾಗ ಮೊದಲ್ನೇ ಸಲ ಕೇಳ್ಲಕತ್ತಿ. ಈಗಿಂದೀಗ ಹೇಳಂದ್ರ ಹ್ಯಾಂಗ ಹೇಳ್ಲಿ? ವಿಚಾರ ಮಾಡ್ಲಿಕ್ಕಿ ಟೈಮ್ ಕೊಡು."

"ತಗೋ" ಎಂದೆ.

ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ನನ್ನ ಬಾಯಿಗೆ ಹತ್ತಾರು ಸಲಹೆಗಳು ಬಂದವು, ಒಂದೊಂದನ್ನೂ ನುಂಗಿದೆ. ಗಡಿಯಾರ ನಾಲ್ಕೂವರೆ ದಾಟಿತು, ಐದೂ ದಾಟಿತು. ಐದೂಕಾಲಿಗೆ ಯಜಮಾನರ ಫೋನು ಬಂತು, ಬಸ್ಸು ಹತ್ತಿದೆಯಾ ಎಂದು.

"ಇಲ್ರೀ. ಆಕಿ ವಿಚಾರ ಮಾಡ್ಲಕತ್ತಾಳ."

"ಏನ್ ವಿಚಾರ? ಎಷ್ಟೊತ್ತು ಮಾಡ್ತಾಳ?"

"ಗೊತ್ತಿಲ್ರೀ" ಎಂದೆ. "ಆಕಿ ಹೇಳೋತನಕ ನಾ ಇಲ್ಲೇ ಕೂಡ್ತೀನಿ."